ಮುನಿಸ್ವಾಮಿಯ ಎರಡು ನಕ್ಷೆಗಳು

ಮೊನ್ನೆ ಲಕೋಟೆ ಕೊಳ್ಳಲೆಂದು ನಮ್ಮ ಬೀದಿಯ ಪುಸ್ತಕದಂಗಡಿಗೆ ಹೋಗಿದ್ದೆ. ಗಿರಾಕಿಗಳಿಲ್ಲದ ಹೊತ್ತು. ಅಂಗಡಿಯ ಹೆಂಗಸು ತನ್ನ ಮಗಳ ಬಣ್ಣದ ಪೆನ್ಸಿಲ್ಲುಗಳನ್ನು ಮೆಂಡರಿಗೆ ಹಾಕಿ ಒಂದೊಂದಾಗಿ ಚೂಪು ಮಾಡುತ್ತ ಕೂತಿದ್ದಳು. ಗಾಜಿನ ಪೆಟ್ಟಿಗೆಯ ಮೇಲೆಲ್ಲ ಸುರುಳಿ ಸುರುಳಿ ಸಿಪ್ಪೆ. ಹಸಿ ಮರ, ಮೇಣ, ಒಂದಿಷ್ಟು ಧೂಳು, ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಅಲ್ಲೇ ನಿಂತುಬಿಟ್ಟೆ. "ಏನು ಬೇಕಮ್ಮ?" ಎಂದು ಆಕೆ ಕೇಳಿದಳು. "ಮುನಿಸ್ವಾಮಿ" ಎಂದೆ. ಆಕೆ ಪಾಪ, "ಅದು ಯಾವ ಕಂಪನಿದು?" ಎಂದಳು.

ಮುನಿಸ್ವಾಮಿ ಯಾವ ಕಂಪನಿಯೂ ಅಲ್ಲ. ನನ್ನ ವಿದ್ಯಾರ್ಥಿ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೆ.ಜಿ.ಎಫ್.ನ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಮೈಸೂರಿನಲ್ಲಿ ಓದು ಮುಗಿಸಿ ನೇರವಾಗಿ ಅಲ್ಲಿಗೆ ಬಂದಿದ್ದವಳು, ಬಿ.ಎ. ಹುಡುಗರಿಗೂ ನನಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಗೌರವ ಬರಲೆಂದು ನಾನು ಕೂದಲನ್ನು ಬಿಗಿಯಾಗಿ ತುರುಬು ಕಟ್ಟಿ, ನಂಬರಿಲ್ಲದ ಕನ್ನಡಕ ಹಾಕುತ್ತಿದ್ದೆ. ಬಂಗಾರಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು ಹೋಗಿ ಸಂಜೆ ಅದರಲ್ಲೇ ವಾಪಸು. ಕಂಕುಳಲ್ಲಿ ಸದಾ ಸುತ್ತಿದ ನಕ್ಷೆಗಳು. ಮೊದಲ ತಿಂಗಳು ಡಬ್ಬಿಯಲ್ಲಿ ಪಕ್ಕ ಕೂತ ಒಬ್ಬಾಕೆ, "ಒಂದು ಕ್ಯಾಲೆಂಡರ್ ಕೊಡಮ್ಮ, ಮುರುಗನ್ ಇರೋದು" ಎಂದು ಕೇಳಿದ್ದಳು. ಕನ್ನಡಕದಿಂದ ಬಂದ ಗೌರವ ಅಷ್ಟೇ.

ನನಗೆ ವಹಿಸಿದ್ದು ಪ್ರಾಯೋಗಿಕ ತರಗತಿ. ಅಂಕಿಗಳನ್ನು ಚಿತ್ರ ಮಾಡುವುದು. ಯಾವ ಹೋಬಳಿಯಲ್ಲಿ ಎಷ್ಟು ಮಳೆ, ಎಲ್ಲಿ ರಾಗಿ, ಎಲ್ಲಿ ಭತ್ತ, ಎಲ್ಲಿ ಜನ ದಟ್ಟ, ಎಲ್ಲಿ ವಿರಳ, ಎಲ್ಲವನ್ನೂ ನಕ್ಷೆಯಾಗಿ, ಕಂಬಗಳಾಗಿ, ಚುಕ್ಕಿಗಳಾಗಿ ಬಿಡಿಸುವುದು. ಈಗ ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಭಾರವಾದ ಹೆಸರಿದೆಯಂತೆ, ಅದನ್ನು ಕಲಿಸಲು ಬೇರೆ ಶಾಲೆಗಳೇ ಇವೆಯಂತೆ. ಆಗ ನಾವು ಅದನ್ನು 'ಪ್ರಾಕ್ಟಿಕಲ್' ಎನ್ನುತ್ತಿದ್ದೆವು. ಉಳಿದ ವಿಭಾಗದವರು 'ಭೂಗೋಳದವರ ರಂಗೋಲಿ' ಎನ್ನುತ್ತಿದ್ದರು. ನಾನು ಮಾತ್ರ ಬಹಳ ಗಂಭೀರವಾಗಿ, "ನಕ್ಷೆ ನೋಡಿದವರು ನಿಮ್ಮನ್ನು ಹುಡುಕಿಕೊಂಡು ಬಂದು ಇದೇನು ಅಂತ ಕೇಳಬಾರದು. ನೀವು ಊರಲ್ಲಿಲ್ಲದಿದ್ದರೂ ಅದು ಮಾತಾಡಬೇಕು" ಎಂದು ಪ್ರತಿ ವರ್ಷ ಮೊದಲ ದಿನ ಹೇಳುತ್ತಿದ್ದೆ. ಹುಡುಗರು ಅದನ್ನೂ ಬರೆದುಕೊಳ್ಳುತ್ತಿದ್ದರು.

ಬುದ್ಧಿವಂತ ತರಗತಿ ಅದು. ಒಂದು ಚುಕ್ಕಿಗೆ ಇಷ್ಟು ಜನ ಎಂದು ಲೆಕ್ಕ ಹಿಡಿದು ಊರಿನ ನಕ್ಷೆಯಲ್ಲಿ ಚುಕ್ಕಿ ಇಡಿಸುತ್ತಿದ್ದಾಗ ಸೆಲ್ವಿ ಎಂಬ ಹುಡುಗಿ ಕೈಯೆತ್ತಿದಳು. ಗಣಿ ಕೆಲಸಗಾರರ ಲೈನುಮನೆಯಿಂದ ಬರುತ್ತಿದ್ದವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನನ್ನ ಮೇಲೆ ಕರುಣೆ ಬಂದಾಗ ಕನ್ನಡ. "ಮಿಸ್, ನಮ್ಮಪ್ಪ ಈಗ ಅಂಡರ್‌ಗ್ರೌಂಡಲ್ಲಿ ಇದಾರೆ. ಅವರ ಚುಕ್ಕಿ ಎಲ್ಲಿ ಇಡ್ಲಿ?"  "ಪಾಳಿ ಮುಗಿದ ಸಂಗು ಊದಲಿ, ಮೇಲೆ ಬಂದ ಮೇಲೆ ಇಡು" ಎಂದೆ. ಎಲ್ಲರೂ ನಕ್ಕರು. ಸೆಲ್ವಿ ನಗಲಿಲ್ಲ. ಕಾಗದ ಮಗುಚಿ ಹಿಂಬದಿಗೆ ಒಂದು ಚುಕ್ಕಿ ಇಟ್ಟು, ಬೆಳಕಿಗೆ ಹಿಡಿದು ನೋಡಿ, "ಇಲ್ಲಿಂದ ಕಾಣ್ತದೆ ಮಿಸ್" ಎಂದಳು.

ಈ ಸೆಲ್ವಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಮುನಿಸ್ವಾಮಿ. ಬಂಗಾರಪೇಟೆಯಿಂದ ನನ್ನದೇ ರೈಲಿನಲ್ಲಿ ಬರುತ್ತಿದ್ದ. ಆದರೆ ಮೇಷ್ಟರಿರುವ ಡಬ್ಬಿಯಲ್ಲಿ ಕೂರುವುದು ಮರ್ಯಾದೆಯಲ್ಲ ಎಂದು ಬೇರೆ ಡಬ್ಬಿ ಹತ್ತುತ್ತಿದ್ದ. ತಂದೆ ಪಿಳ್ಳಪ್ಪ ಅದೇ ಕವಲು ಹಳಿಯ ಮೇಲೆ ಗ್ಯಾಂಗ್‌ಮನ್. ಹಳಿಯ ಬೋಲ್ಟು ಬಿಗಿಮಾಡುತ್ತ, ಜಲ್ಲಿ ಸರಿಮಾಡುತ್ತ, ಭುಜದ ಮೇಲೆ ಸುತ್ತಿಗೆ, ಕಂಕುಳಲ್ಲಿ ಸುತ್ತಿದ ಕೆಂಪು ಹಸಿರು ಬಾವುಟ. ರೈಲು ಹಾಯುವಾಗ ಪಕ್ಕಕ್ಕೆ ಸರಿದು ನಿಂತು ಮಗನಿರುವ ಡಬ್ಬಿಯನ್ನು ಹುಡುಕಿ ನೋಡುತ್ತಿದ್ದ. ಮಗನನ್ನು ಬಿ.ಎ.ಗೆ ಕಳಿಸಿದ್ದೇ ಅವನು ಗಾರ್ಡ್ ಆಗಲಿ ಎಂದು. ಬಿಳಿ ಪ್ಯಾಂಟು, ಕೋಟು, ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತು ಹಸಿರು ಬಾವುಟ ಬೀಸುವ ಗಾರ್ಡ್. "ನಾನು ಕೆಳಗೆ ನಿಂತು ಬಾವುಟ ಇಡಿದೋನು. ಅವನು ಮ್ಯಾಲೆ ನಿಂತು ಇಡೀಬೇಕು ಟೀಚರಮ್ಮ" ಎಂದು ಒಮ್ಮೆ ಸ್ಟೇಷನ್ನಿನಲ್ಲಿ ಸಿಕ್ಕಾಗ ಹೇಳಿದ್ದ.

ಮುನಿಸ್ವಾಮಿಯ ಕೈ ಅಪರೂಪದ ಕೈ. ಸ್ಕೇಲಿಲ್ಲದೆ ಎಳೆದ ಗೆರೆಯೂ ನೇರ. ಅಕ್ಷರಗಳು ಅಚ್ಚಿನ ಮೊಳೆ ಇಟ್ಟ ಹಾಗೆ. ನಕ್ಷೆಗೆ ಬಣ್ಣ ತುಂಬುವಾಗಲೂ ಎಂದೂ ತಪ್ಪುತ್ತಿರಲಿಲ್ಲ. ಹಾಗಿರುವಾಗ ಒಂದು ದಿನ ಕಾಲೇಜಿಗೆ ಹೊಸ ಪೆನ್ಸಿಲ್ ಡಬ್ಬಗಳು ಬಂದವು. ಹಳೆಯದನ್ನೆಲ್ಲ ಕಪಾಟಿಗೆ ಸೇರಿಸಿ ಹೊಸದನ್ನು ಹಂಚಿದೆ. ಅವತ್ತಿನ ಕೆಲಸ ಬೇತಮಂಗಲದ ಸುತ್ತಿನ ನೆಲದ ನಕ್ಷೆ: ಕೆರೆ ನೀಲಿ, ಕೆರೆಯ ಕೆಳಗಿನ ಗದ್ದೆ ಹಸಿರು, ದೂರದ ದಿನ್ನೆಯ ಮಣ್ಣು ಕೆಂಪು. ಹುಡುಗರು ಬಗ್ಗಿ ಬಣ್ಣ ತೀಡುತ್ತಿದ್ದರು. ಸೆಲ್ವಿ ಏನೋ ಕೇಳಲು ಹಿಂದಕ್ಕೆ ತಿರುಗಿದವಳು, "ಅಯ್ಯಯ್ಯೋ, ಎನ್ನಡಾ ಇದು! ಕೆರೆ ಕೆಳಗೆ ಬೆಂಕಿ ಇಟ್ಟಿದೀಯಾ?" ಎಂದು ಕೂಗಿದಳು.

ಹೋಗಿ ನೋಡಿದೆ. ಗದ್ದೆಯೆಲ್ಲ ಕಡುಗೆಂಪು. ಬೋಳು ದಿನ್ನೆಗಳು ಹಚ್ಚ ಹಸಿರು. ಗೆರೆ ದಾಟದಂತೆ, ಒಂದೇ ಹದದಲ್ಲಿ, ಬಹಳ ಶ್ರದ್ಧೆಯಿಂದ ತುಂಬಿದ ಬಣ್ಣ. ಅವನು ತಲೆ ಎತ್ತಿ ಸೆಲ್ವಿಯ ಮುಖ ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಾಗದ ನೋಡಿದ. ಏನು ತಪ್ಪಾಗಿದೆಯೆಂದು ಅವನಿಗೆ ತಿಳಿಯಲಿಲ್ಲ ಎನ್ನುವುದು ನನಗೆ ಆ ಕ್ಷಣವೇ ತಿಳಿಯಿತು. "ತಮಾಷೆ ಸಾಕು, ಬೇರೆ ಹಾಳೆ ತಗೋ" ಎಂದು ಹೇಳಿ ಆ ನಕ್ಷೆಯನ್ನು ಮಡಿಸಿ ಎತ್ತಿಕೊಂಡೆ. ತರಗತಿ ಮುಗಿದ ಮೇಲೆ ಕಪಾಟು ತೆಗೆದು ಹಳೆಯ ಪೆನ್ಸಿಲ್ಲುಗಳನ್ನು ನೋಡಿದರೆ, ಅವನು ಬಳಸುತ್ತಿದ್ದ ಡಬ್ಬದಲ್ಲಿ ಕೆಂಪಿನ ತುದಿಗೆ ಒಂದು ಸಣ್ಣ ಕಚ್ಚು, ಹಸಿರಿನ ತುದಿಗೆ ಎರಡು. ಗುರುತಿಗೆಂದು ಚಾಕುವಿನಿಂದ ಮಾಡಿಕೊಂಡದ್ದು.

ಸಂಜೆ ಮುನಿಸ್ವಾಮಿ ಮೊದಲ ಬಾರಿ ನನ್ನ ಡಬ್ಬಿಗೆ ಬಂದು ಎದುರು ಕೂತ. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ಮಾತು ತೆಗೆದ.

"ಚಿಕ್ಕ ವಯಸ್ಸಿನಿಂದ ಇಂಗೇ ಮಿಸ್" ಎಂದ. "ಅಣ್ಣಾಗಿರೋ ಟೊಮೇಟೊ ಕಿತ್ಕೊಂಡ್ ಬಾ ಅಂದ್ರೆ ಕಾಯಿ ಕಿತ್ಕೊಂಡು ಓಗ್ತಿದ್ದೆ. ಸೋಮಾರಿ ಅಂತ ಒದೆ ತಿಂದಿದೀನಿ. ಅದೇನು ಅಂತ ಹೈಸ್ಕೂಲಿಗೆ ಬಂದ ಮೇಲೆ ಗೊತ್ತಾಯ್ತು. ನಮ್ಮಪ್ಪನಿಗೆ ಯೋಳಬ್ಯಾಡಿ."

"ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದೀಯಂತಲ್ಲ. ಕಣ್ಣಿನ ಪರೀಕ್ಷೆ?"

ಅದಕ್ಕೇ ಬಂದಿದ್ದ ಅವನು. ರೈಲ್ವೆ ವೈದ್ಯರ ಹತ್ತಿರ ಒಂದು ಪುಸ್ತಕವಿರುತ್ತದಂತೆ. ಪುಟದ ತುಂಬ ಬಣ್ಣಬಣ್ಣದ ಚುಕ್ಕಿ. ಚುಕ್ಕಿಗಳ ನಡುವೆ ಒಂದು ಅಂಕಿ ಅಡಗಿರುತ್ತದೆ. ಬಣ್ಣ ತಿಳಿಯುವವರಿಗೆ ಅಂಕಿ ಕಾಣುತ್ತದೆ, ಉಳಿದವರಿಗೆ ಬರೀ ಚುಕ್ಕಿ. "ಆ ಪುಸ್ತಕ ಒಂದು ಸಿಕ್ಕಿದ್ರೆ ಬಾಯಿಪಾಠ ಮಾಡ್ಬಿಡ್ತೀನಿ ಮಿಸ್. ಯಾವ ಪುಟಕ್ಕೆ ಯಾವ ಅಂಕಿ ಅಂತ. ನಿಮ್ಮ ಭಾವ ಕಣ್ಣಿನ ಡಾಕ್ಟ್ರು ಅಂತ ನೀವೇ ಒಂದಿನ ಯೋಳಿದ್ರಿ."

ಹೇಳಿದ್ದು ನಿಜ. ತರಗತಿಯಲ್ಲಿ ಏನೇನೋ ಹರಟುವ ಚಾಳಿ ನನಗೆ ಆಗಲೇ ಇತ್ತು.  ಆ ಭಾನುವಾರ ಬೆಂಗಳೂರಿಗೆ ಹೋಗಿ ಭಾವನ ಹತ್ತಿರ ಪುಸ್ತಕವನ್ನು ಎರವಲು ತಂದೆ. ಅದನ್ನು ಅವನಿಗೆ ಕೊಡುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಪಿಳ್ಳಪ್ಪ ರೈಲಿನತ್ತ ಮುಖವೆತ್ತಿ ನಿಲ್ಲುತ್ತಿದ್ದುದನ್ನು ದಿನಾ ಕಂಡವಳು ನಾನು.

ಮಾರನೆಯ ಸಂಜೆ ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಪುಸ್ತಕ ಬಿಡಿಸಿದೆವು. ನಾನು ಪುಟ ತಿರುಗಿಸುತ್ತಿದ್ದೆ. ನನಗೆ ಎಂಟು ಕಾಣುತ್ತಿತ್ತು, ಆರು ಕಾಣುತ್ತಿತ್ತು. ಅವನು ಇಲ್ಲ ಎಂದು ತಲೆಯಾಡಿಸುತ್ತಿದ್ದ. ಪ್ರತಿ ಪುಟಕ್ಕೂ ಅವನ ಮುಖ ಇನ್ನಷ್ಟು ಇಳಿಯುತ್ತಿತ್ತು. ಕೊನೆಕೊನೆಗೆ ಒಂದು ಪುಟ ಬಂತು. ನನಗೆ ಏನೂ ಕಾಣಲಿಲ್ಲ, ಬರೀ ಚುಕ್ಕಿ. ತಿರುಗಿಸಲು ಹೋದೆ. ಅವನು ಕೈ ಅಡ್ಡ ಹಿಡಿದ.

"ಐದು" ಎಂದ.

"ಎಲ್ಲಿ?"

"ಇಲ್ಲಿ ಮಿಸ್. ದೊಡ್ಡದಾಗಿ ಐತಲ್ಲ. ನಿಮಗೆ ಕಾಣಾಕಿಲ್ವಾ?" ಬೆರಳಿನಿಂದ ಐದನ್ನು ತಿದ್ದಿ ತೋರಿಸಿದ. ನನಗೆ ಆಗಲೂ ಕಾಣಲಿಲ್ಲ. ಕನ್ನಡಕ ತೆಗೆದೆ, ಹಾಕಿದೆ. ಅವನು ಜೋರಾಗಿ ನಕ್ಕುಬಿಟ್ಟ. ಅಷ್ಟು ಹೊತ್ತಿನಲ್ಲಿ ಮೊದಲ ನಗು. ಪುಸ್ತಕದ ಹಿಂದಿನ ವಿವರಣೆ ಓದಿ ನೋಡಿದೆ. ಅದು ಅವನಂಥ ಕಣ್ಣಿಗಷ್ಟೇ ಕಾಣುವಂತೆ ಬೇಕೆಂದೇ ಮಾಡಿದ ಪುಟ.

"ಅಂದ್ರೆ ನನಗೆ ಕಡಿಮೆ ಕಾಣೋದಲ್ಲ, ಬ್ಯಾರೆ ಕಾಣೋದು" ಎಂದ. ಸ್ವಲ್ಪ ಹೊತ್ತಿಗೆ ನಗು ಹೋಯಿತು. ಕತ್ತಲಾಗುತ್ತಿತ್ತು. ದೂರದಲ್ಲಿ ಸಿಗ್ನಲ್ಲಿನ ದೀಪ ಹೊತ್ತಿಕೊಂಡಿತು.

"ಅದು ಯಾವ ಬಣ್ಣ?" ಎಂದು ಕೇಳಿದೆ.

"ಅಗಲೊತ್ತು ಆದ್ರೆ ಸಿಗ್ನಲ್ ಕೈಮರ ಮ್ಯಾಲಿದೆಯಾ ಕೆಳಗಿದೆಯಾ ನೋಡಿ ಯೋಳ್ತೀನಿ. ಈಗ..." ನಿಲ್ಲಿಸಿದ. "ಪುಸ್ತಕ ಬಾಯಿಪಾಠ ಆಗ್ತದೆ ಮಿಸ್. ದೀಪ ಆಗಾಕಿಲ್ಲ. ಹಳಿ ಮ್ಯಾಲೆ ನಮ್ಮಪ್ಪನಂಥೋರು ಇರ್ತಾರೆ." ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು ಮನೆಗೆ ಹೋದ.

ಮುಂದಿನ ವಾರದಿಂದ ನನ್ನ ತರಗತಿಯಲ್ಲಿ ಬಣ್ಣ ನಿಂತಿತು. ಎಲ್ಲ ನಕ್ಷೆಯೂ ಕಪ್ಪು ಶಾಯಿಯಲ್ಲೇ. ಗದ್ದೆಗೆ ಅಡ್ಡ ಗೆರೆ, ರಾಗಿ ಹೊಲಕ್ಕೆ ಓರೆ ಗೆರೆ, ಬೋಳು ದಿನ್ನೆಗೆ ಬಿಡಿ ಚುಕ್ಕಿ, ಮಳೆ ಹೆಚ್ಚಾದಷ್ಟೂ ಗೆರೆ ಒತ್ತೊತ್ತು. ಕಾರಣವನ್ನು ಯಾರಿಗೂ ಹೇಳಲಿಲ್ಲ. "ಸಾವಿನ ಮನೆ ಥರ ಇದೆ ಮಿಸ್" ಎಂದು ಸೆಲ್ವಿ ಗೊಣಗಿದಳು. ಪ್ರಿನ್ಸಿಪಾಲರು ಕರೆದು, "ಏನಮ್ಮ, ನಮ್ಮ ಕಾಲೇಜಿಗೆ ಬಣ್ಣದ ಪೆನ್ಸಿಲ್ಲಿಗೂ ಗತಿಯಿಲ್ಲ ಅಂದ್ಕೋತಾರೆ ಬಂದೋರು" ಎಂದರು. ಬಣ್ಣದ ನಕ್ಷೆಯನ್ನು ಅಚ್ಚು ಹಾಕಿಸುವುದು ದುಬಾರಿ, ಕಪ್ಪು ಗೆರೆಯಾದರೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು ಎಂದು ನಾನು ವಾದಿಸಿದೆ. ಅದು ಸುಳ್ಳೇನಲ್ಲ. ಆದರೆ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ವಿಚಿತ್ರವೆಂದರೆ, ಬಣ್ಣದ ಆಸರೆ ತಪ್ಪಿದ ಮೇಲೆ ಹುಡುಗರು ಯೋಚಿಸತೊಡಗಿದರು. ಯಾವ ಗೆರೆ ದಪ್ಪವಿರಬೇಕು, ಯಾವುದು ಹಿಂದೆ ಸರಿಯಬೇಕು, ನೋಡುವವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಬೆಂಚು ಬೆಂಚಿಗೂ ಜಗಳ. ಜಗಳಕ್ಕೆ ತೀರ್ಪು ಕೊಡುತ್ತಿದ್ದವನು ಮುನಿಸ್ವಾಮಿ.

ರೈಲ್ವೆ ಪರೀಕ್ಷೆಯ ದಿನ ಹತ್ತಿರ ಬಂತು. ಪಿಳ್ಳಪ್ಪ ಮಗನಿಗೆ ಬಿಳಿ ಷರಟು ಹೊಲಿಸಿದ್ದಾನೆಂದು ಸೋದರತ್ತೆಯ ಬಾಯಲ್ಲಿ ಕೇಳಿದೆ. ಶನಿವಾರ ಮುನಿಸ್ವಾಮಿ ಬಂದು, "ನಾಳೆ ಬೆಳಿಗ್ಗೆ ಮನೆಗೆ ಬರ್ತೀರಾ ಮಿಸ್? ಅಪ್ಪನಿಗೆ ಯೋಳ್ತೀನಿ. ಒಬ್ಬನೇ ಯೋಳಾಕೆ ಆಗಾಕಿಲ್ಲ" ಎಂದ.

ಹಳಿಯ ಪಕ್ಕದ ಸಾಲುಮನೆಗಳಲ್ಲಿ ಒಂದು. ಪಿಳ್ಳಪ್ಪ ಜಗಲಿಯ ಮೇಲೆ ಕೂತಿದ್ದ. "ಬನ್ನಿ ಬನ್ನಿ ಟೀಚರಮ್ಮ" ಎಂದು ಎದ್ದು ಚಾಪೆ ಹಾಸಿದ. ತಾಯಿ ಅಕ್ಕಯ್ಯಮ್ಮ ಮಜ್ಜಿಗೆ ತಂದಿಟ್ಟಳು. ಮುನಿಸ್ವಾಮಿ ಒಳಗಿನಿಂದ ಎರಡು ಹಾಳೆ ತಂದು ತಂದೆಯ ಮುಂದೆ ಹರಡಿದ. ಎರಡೂ ಒಂದೇ ನಕ್ಷೆ: ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಹಳಿ, ಇಕ್ಕೆಲದ ಹೊಲ, ಗಣಿಯ ಬಿಳಿ ಮಣ್ಣಿನ ದಿಬ್ಬಗಳು, ಹಳಿಯ ಪಕ್ಕ ಹುಲ್ಲಿನ ಮೇಲೆ ನಿಂತ ಒಬ್ಬ ಗ್ಯಾಂಗ್‌ಮನ್, ಅವನ ಕೈಯಲ್ಲಿ ಬಾವುಟ. ಮೊದಲನೆಯದಕ್ಕೆ ಸೆಲ್ವಿ ಬಣ್ಣ ತುಂಬಿಕೊಟ್ಟಿದ್ದಳು. ಹುಲ್ಲು ಹಸಿರು, ಬಾವುಟ ಕೆಂಪು.

"ಇದು ನೀನು ನೋಡೋದು ಅಪ್ಪಾ" ಎಂದ.

ಎರಡನೆಯದರಲ್ಲಿ ಹುಲ್ಲು, ಹೊಲ, ಬಾವುಟ ಎಲ್ಲಕ್ಕೂ ಒಂದೇ ಪೆನ್ಸಿಲ್. ಒಂದೇ ಮಾಸಲು ಕಂದು. ಹುಲ್ಲಿನಲ್ಲಿ ಬಾವುಟ ಕರಗಿಹೋಗಿತ್ತು.

"ಇದು ನಾನು ನೋಡೋದು."

ಪಿಳ್ಳಪ್ಪ ಎರಡು ಹಾಳೆಗಳನ್ನೂ ಬಹಳ ಹೊತ್ತು ನೋಡಿದ. ಆ ಹಾಳೆಗಳ ಬಗ್ಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ನಾನು ಬಾಯಿ ತೆರೆಯುವ ಅಗತ್ಯವೇ ಬರಲಿಲ್ಲ. ಆತ ಎದ್ದು ಒಳಗೆ ಹೋಗಿ ತನ್ನ ಕೆಂಪು ಬಾವುಟ ತಂದು, ಮನೆಯ ಮುಂದಿನ ಹುಲ್ಲಿನ ಮೇಲೆ ಹಾಸಿದ.

"ಇದು ಕಾಣಾಕಿಲ್ವೇನ್ಲಾ?"

"ಬಟ್ಟೆ ಕಾಣ್ತದೆ. ಬಣ್ಣ ಗೊತ್ತಾಗಾಕಿಲ್ಲ."

"ಇಷ್ಟು ವರ್ಷ ರೈಲಲ್ಲಿ ಓಗ್ತಾ, ನಾನು ಬಾವುಟ ಎತ್ತಿ ನಿಂತಿದ್ದಾಗ ಮತ್ತೇನ್ಲಾ ನೋಡ್ತಿದ್ದೆ ನೀನು?"

"ನಿನ್ ಕೈ ನೋಡ್ತಿದ್ದೆ ಅಪ್ಪಾ."

ಅಕ್ಕಯ್ಯಮ್ಮ ಸೆರಗು ಬಾಯಿಗೊತ್ತಿಕೊಂಡಳು. ಪಿಳ್ಳಪ್ಪ ಬಾವುಟವನ್ನು ಎತ್ತಿ, ಹುಲ್ಲು ಕೊಡವಿ, ನಿಧಾನವಾಗಿ ಕೋಲಿಗೆ ಸುತ್ತಿದ. "ಷರಟು ಕಾಲೇಜಿಗೆ ಆಕ್ಕೋ" ಎಂದಷ್ಟೇ ಹೇಳಿ, ರಜೆಯ ದಿನವಾದರೂ ಹಳಿಯ ಕಡೆಗೆ ನಡೆದುಹೋದ. ನನ್ನ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ಎಷ್ಟೋ ತಿಂಗಳು ಹಾಗೇ ಆಯಿತು. ರೈಲು ಹಾಯುವಾಗ ನಾನು ಕಿಟಕಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದ. ಆತನ ಮಟ್ಟಿಗೆ ಹುಡುಗ ಕಾಲೇಜಿಗೆ ಹೋಗುವವರೆಗೆ ಅವನ ಕಣ್ಣು ಸರಿಯಾಗಿತ್ತು.  ಕಿಟಕಿಯ ಪಕ್ಕದಿಂದ ಎದ್ದು ಒಳಗಿನ ಸೀಟಿಗೆ ಸರಿದು ಕೂರಲು ಶುರುಮಾಡಿದೆ.

ಬಿ.ಎ. ಪರೀಕ್ಷೆ ಮುಗಿಯಿತು. ಮುನಿಸ್ವಾಮಿ ಪಾಸಾದ, ಬಿ.ಇಡಿ. ಮುಗಿಸಿ ಬೇತಮಂಗಲದ ಹೈಸ್ಕೂಲಿಗೆ ಮೇಷ್ಟರಾದ. ಅವನು ಅಲ್ಲಿಗೆ ಸೇರಿದ ವರ್ಷದ ಕಾರ್ತಿಕ ಮಾಸದಲ್ಲಿ ಒಂದು ದಿನ, ಹಳಿ ರಿಪೇರಿಯೆಂದು ನಮ್ಮ ರೈಲು ಹೊಲಗಳ ಮಧ್ಯೆ ನಿಂತುಬಿಟ್ಟಿತು. ಯಾರೋ ನನ್ನ ಡಬ್ಬಿಯ ಹೊರಗೆ ನಿಂತು ಕಿಟಕಿಯ ಮರದ ಪಟ್ಟಿಗೆ ತಟ್ಟಿದರು. ಬಗ್ಗಿ ನೋಡಿದೆ. ಪಿಳ್ಳಪ್ಪ. ತಲೆಯ ಟವಲು ಕೈಯಲ್ಲಿತ್ತು.

"ಟೀಚರಮ್ಮ, ಒಂದು ಮಾತು ಕೇಳ್ಬೇಕಾಗಿತ್ತು."

"ಕೇಳಿ ಪಿಳ್ಳಪ್ಪ."

ಆತ ಹಿಂದೆ ತಿರುಗಿ ಹೊಲ ನೋಡಿದ. ರಾಗಿ ತೆನೆ ಕಟ್ಟಿತ್ತು. "ಈ ಒಲ ಐತಲ್ಲ. ನಮ್ಮುಡುಗನಿಗೆ ಇದು ಚೆಂದಾಗಿ ಕಾಣ್ತದಾ? ಇಲ್ಲ, ಆ ಆಳೆಯಾಗೆ ಬರೆದಂಗೆ ಮಂಕು ಮಂಕಾಗಿ ಇರ್ತದಾ?"

"ಅವನನ್ನೇ ಕೇಳಬಾರದೇ?"

"ಬಾಯಿ ಬರಾಕಿಲ್ಲ ಕಣಮ್ಮ" ಎಂದ. ಎಂಜಿನ್ನು ಕೂಗಿತು. ಆತ ಓಡಿಹೋಗಿ ತನ್ನ ಜಾಗದಲ್ಲಿ ನಿಂತು, ಹಸಿರು ಬಾವುಟ ಬಿಡಿಸಿದ.  

ಅದೇ ವರ್ಷ ನನ್ನ ಮದುವೆಯಾಯಿತು, ಬೆಂಗಳೂರು ಸೇರಿದೆ, ಬೇರೆ ಕಾಲೇಜು, ಬೇರೆ ಹುಡುಗರು. ಸೆಲ್ವಿ ಕೋಲಾರದಲ್ಲಿ ಜನಗಣತಿಯ ಕಚೇರಿ ಸೇರಿದಳೆಂದು ಯಾರೋ ಹೇಳಿದರು. ಮುನಿಸ್ವಾಮಿ ಮಾತ್ರ ವರ್ಷಕ್ಕೊಮ್ಮೆಯಾದರೂ ಬಂದು ಹೋಗುತ್ತಾನೆ. ಈಗ ಅವನೇ ನಿವೃತ್ತ. ತಲೆಯೆಲ್ಲ ನನಗಿಂತ ಬೆಳ್ಳಗಾಗಿದೆ.

ಇಷ್ಟನ್ನೂ ನೆನೆಯುತ್ತ ಅಂಗಡಿಯಿಂದ ಮನೆಗೆ ಬಂದು ಅವನಿಗೆ ಫೋನು ಮಾಡಿದೆ. ಹೋದ ತಿಂಗಳು ನನ್ನ ಎರಡು ಕಣ್ಣಿಗೂ ಪೊರೆ ತೆಗೆದಿದ್ದಾರೆ. ಪಟ್ಟಿ ಬಿಚ್ಚಿದ ದಿನ ಮನೆಯ ಗೋಡೆ ನೋಡಿ ಯಾರು ಸುಣ್ಣ ಹೊಡೆಸಿದರು ಎಂದು ಕೇಳಿದ್ದೆ. ಯಾರೂ ಹೊಡೆಸಿರಲಿಲ್ಲ. ಎಷ್ಟು ವರ್ಷದಿಂದಲೋ ನಾನು ಎಲ್ಲವನ್ನೂ ಹಳದಿಯಾಗಿ ನೋಡುತ್ತ, ಅದೇ ಸರಿಯೆಂದುಕೊಂಡಿದ್ದೆ. ಅದನ್ನು ಹೇಳಿದಾಗ ಮುನಿಸ್ವಾಮಿ ಫೋನಿನಲ್ಲೇ ನಕ್ಕ. ಆಗ ಕೇಳಿಯೇಬಿಟ್ಟೆ.

"ನಿಮ್ಮಪ್ಪ ನಿನ್ನನ್ನ ಯಾವತ್ತಾದರೂ ಕೇಳಿದರೇನೋ, ಹೊಲ ಹೇಗೆ ಕಾಣುತ್ತೆ ಅಂತ?"

 "ಕೇಳಿದ್ರು ಮಿಸ್. ರಿಟೈರ್ ಆದ ಮ್ಯಾಲೆ. ಬೇತಮಂಗಲದ ಕೆರೆ ಏರಿ ಮ್ಯಾಲೆ ಕೂತಿದ್ವಿ. ನಾನು ಯೋಳಿದೆ, ಅಪ್ಪಾ, ಬಣ್ಣ ನನಗೆ ಗೊತ್ತಿಲ್ಲ, ಆದ್ರೆ ಗಾಳಿ ಬಂದಾಗ ಒಲದ ಮ್ಯಾಲೆ ಬೆಳಕು ಈ ಕಡೆಯಿಂದ ಆ ಕಡೆಗೆ ಓಡ್ತದಲ್ಲ, ಅದಕ್ಕಿಂತ ಚೆಂದ ಇನ್ನೊಂದಿಲ್ಲ ಅಂತ. ಅಪ್ಪ, ಎಲ್ಲಿ, ಅಂದ್ರು. ಜೀವನವೆಲ್ಲ ಒಲದ ಮಧ್ಯೆ ಇದ್ದೋರು, ಅದನ್ನ ನೋಡಿರಲಿಲ್ಲ ಮಿಸ್. ನಾನು ತೋರಿಸಿದೆ. ಆವತ್ತು ಕತ್ತಲಾಗೋವರೆಗೂ ಏಳಲಿಲ್ಲ."

ನಾನೂ ಅದನ್ನು ನೋಡಿರಲಿಲ್ಲ. ಮಾರನೆಯ ದಿನವೇ ಬಂಗಾರಪೇಟೆಗೆ ರೈಲು ಹತ್ತಿದೆ. ಮುನಿಸ್ವಾಮಿ ಸ್ಟೇಷನ್ನಿಗೆ ಬಂದಿದ್ದ. ಬಸ್ಸಿನಲ್ಲಿ ಬೇತಮಂಗಲಕ್ಕೆ ಹೋಗಿ ಇಳಿದು, ಕೋಲೂರಿಕೊಂಡು, ಅವನ ಕೈ ಹಿಡಿದು ಕೆರೆಯ ಏರಿ ಹತ್ತಿದೆ. ಕೆಳಗೆ ಪೈರು ಎದ್ದಿತ್ತು, ಹೊಸ ಕಣ್ಣಿಗೆ ಕೋರೈಸುವಷ್ಟು ಹಸಿರು. ಅದರ ಮೇಲೆ ಏನೂ ಓಡುತ್ತಿರಲಿಲ್ಲ. ಎಲೆ ಅಲುಗದ ಮಧ್ಯಾಹ್ನ.

"ಗಾಳಿ ಬರ್ಬೇಕು ಮಿಸ್" ಎಂದ. "ಬರ್ತದೆ. ಕೂತ್ಕೊಳ್ಳಿ."

ಟವಲು ಹಾಸಿದ. ನಾವಿಬ್ಬರೂ ಹೊಲದ ಕಡೆಗೆ ಮುಖಮಾಡಿ ಕೂತೆವು.